ಅಪ್‌ಡೇಟ್: ಟೇಲ್ಸ್‌ನಲ್ಲಿ ಟಾರ್ ಬ್ರಿಡ್ಜ್ ಕನೆಕ್ಟ್ ಆಗದ ಸಮಸ್ಯೆ ಬಗೆಹರಿಯಿತು
ಕೇಳಿದ್ದ ಪ್ರಶ್ನೆ: ಬೆಂಗಳೂರಿನ ಪಿಜಿ ವೈಫೈನಲ್ಲಿ ಟೇಲ್ಸ್ (ಗುರುತು ಮುಚ್ಚಿಡುವ, ಪೆನ್‌ಡ್ರೈವ್‌ನಿಂದಲೇ ಓಡುವ ಆಪರೇಟಿಂಗ್ ಸಿಸ್ಟಮ್) ಚೆನ್ನಾಗಿ ಬೂಟ್ ಆಗುತ್ತೆ, ಆದರೆ ಒಬಿಎಫ್‌ಎಸ್4 ಬ್ರಿಡ್ಜ್ (ಟಾರ್ ಬಳಸುತ್ತಿರುವುದನ್ನು ಮರೆಮಾಚುವ ನಡುವಿನ ಸರ್ವರ್) ಹಾಕಿದರೆ ಟಾರ್ (ಗುರುತು ಮರೆಮಾಚುವ ನೆಟ್‌ವರ್ಕ್) ಕನೆಕ್ಟ್ ಆಗಲ್ಲ, ಯಾಕೆ? ವೈಫೈಯೂ ಸರಿ, ಬ್ರಿಡ್ಜೂ ಸರಿ. ಕೈಕೊಟ್ಟಿದ್ದು ಗಡಿಯಾರ.

ವಿಂಡೋಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಸ್ಥಳೀಯ ಸಮಯ ಇಡುತ್ತೆ. ಟೇಲ್ಸ್ ಅದನ್ನೇ ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅಂದುಕೊಳ್ಳುತ್ತೆ. ಇಲ್ಲಿ ಬೆಳಗ್ಗೆ 10:00 ಆಗಿದ್ದರೆ ಅದರ ಲೆಕ್ಕದಲ್ಲಿ ಮಧ್ಯಾಹ್ನ 3:30. ಅಷ್ಟು ಮುಂದಿದ್ದರೆ ಬ್ರಿಡ್ಜ್ ಮಾತಾಡಲ್ಲ. ಟಾರ್‌ಗೆ ಕನೆಕ್ಟ್ ಆಗುವಾಗ ಆಟೊಮ್ಯಾಟಿಕ್ ಆಯ್ಕೆಯಲ್ಲಿ ಟೇಲ್ಸ್ ತಾನೇ ಸಮಯ ಸರಿಮಾಡಿಕೊಳ್ಳುತ್ತೆ. ಟಾರ್ ಬಳಕೆ ಮುಚ್ಚಿಡುವ ಆಯ್ಕೆಯಲ್ಲಿ ಮಾಡಲ್ಲ. ಟಾರ್ ಬಿಟ್ಟು ಹೊರಗೆ ಸಮಯ ಕೇಳಿದರೆ ಗುಟ್ಟು ರಟ್ಟಾಗಬಹುದಲ್ಲ.

ಕನೆಕ್ಷನ್ ಫೇಲ್ ಆದ ಪರದೆಯಲ್ಲಿ ‘ಫಿಕ್ಸ್ ಕ್ಲಾಕ್’ ಒತ್ತಿ, ಏಷ್ಯಾ/ಕೋಲ್ಕತಾ ಆರಿಸಿ (ಪಟ್ಟಿಯಲ್ಲಿ ಬೆಂಗಳೂರು ಹುಡುಕಬೇಡಿ, ಇಲ್ಲ), ಫೋನ್ ನೋಡಿ ನಿಮಿಷ ಸಮೇತ ಸಮಯ ತುಂಬಿ ಮತ್ತೆ ಕನೆಕ್ಟ್ ಮಾಡಿ. ಇದರಿಂದ ಊರು ಗೊತ್ತಾಗಲ್ಲ, ಟಾರ್ ಬ್ರೌಸರ್ ಸೈಟುಗಳಿಗೆ ಹೇಳುವುದು ಯುಟಿಸಿ ಸಮಯವನ್ನೇ.

ಒಟಿಪಿ ಕೇಳುವ ವೈಫೈ ಆದರೆ ಮೊದಲು ಅನ್‌ಸೇಫ್ ಬ್ರೌಸರ್‌ನಲ್ಲಿ (ಟಾರ್ ಬಳಸದ ಟೇಲ್ಸ್ ಬ್ರೌಸರ್) ಲಾಗಿನ್ ಆಗಬೇಕು. ಮೊಬೈಲ್ ನಂಬರ್ ಕೊಟ್ಟ ಮೇಲೆ ಮ್ಯಾಕ್ ವಿಳಾಸ (ವೈಫೈಗೆ ಕಾಣುವ ಕಂಪ್ಯೂಟರಿನ ಗುರುತಿನ ಸಂಖ್ಯೆ) ಮರೆಮಾಚಿ ಏನು ಬಂತು, ಅದು ಬೇರೆ ಮಾತು.