ಅಪ್‌ಡೇಟ್: ಬೇಸರ, ಸಿಟ್ಟು ಬಂದಾಗ ಬೈಬಲ್‌ನಲ್ಲಿ ಏನು ಓದಲಿ ಅಂತ ಕೇಳಿದ್ದೆ

ಅಪ್ಪ ತೀರಿಕೊಂಡ ಮೇಲೆ ಅಮ್ಮನ ಪಿಂಚಣಿ ಫೈಲ್ ಮುಂದೆ ಹೋಗುತ್ತಿಲ್ಲ, ಅಲೆದು ಅಲೆದು ಸಾಕಾಗಿದೆ, ಪ್ರಾರ್ಥನೆಗೆ ಕೂತರೂ ಸಿಟ್ಟೇ ಬರುತ್ತದೆ ಅಂತ ಬರೆದಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಜಾಸ್ತಿ ಜನ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ಓದಿ ಅಂದಿರಿ. ಒಳ್ಳೆಯ ಮಾತೇ, ಯೇಸುವಿನ ಸಂದೇಶ ಸಾರಿದ ಪೌಲ ಸೆರೆಯಲ್ಲಿದ್ದು ಬರೆದದ್ದು ಬೇರೆ. ಆದರೆ ಅದರಲ್ಲಿರುವ ಚಿಂತೆ ಮಾಡಬೇಡಿ ಅನ್ನುವ ಮಾತು ಆಗ ನನ್ನ ಮನಸ್ಸಿಗೆ ಇಳಿಯಲಿಲ್ಲ.

ಇಳಿದದ್ದು 13ನೇ ಕೀರ್ತನೆ, ಬೈಬಲ್‌ನ ಪ್ರಾರ್ಥನಾ ಗೀತೆಗಳಲ್ಲಿ ಒಂದು. ಇರುವುದೇ 6 ವಚನ. ಕಚೇರಿ ಹೊರಗಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಓದಿದೆ. ಮೊದಲ 2 ವಚನದಲ್ಲೇ ಅದರ ಕವಿ, ರಾಜ ದಾವೀದ 4 ಸಲ ಕೇಳುತ್ತಾನೆ, ಇನ್ನೂ ಎಷ್ಟು ಕಾಲ ಅಂತ. ಅದೂ ದೇವರನ್ನೇ! ಹೀಗೆ ಕೇಳುವುದೂ ಪ್ರಾರ್ಥನೆಯೇ ಅಲ್ವಾ? 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಸುಮ್ನೆ ಸಮಾಧಾನ ಹೇಳುವುದಿಲ್ಲ. ಅದಕ್ಕೇ ನನಗೆ ಅದು ಇಷ್ಟ.

ಅಮ್ಮನಿಗೆ ಹಿಡಿಸಿದ್ದು ಪ್ರವಾದಿ ಎಲೀಯನ ಕಥೆ, ಬೈಬಲ್‌ನ ಒಂದನೇ ಅರಸುಗಳು ಪುಸ್ತಕದ 19ನೇ ಅಧ್ಯಾಯ. ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅಂದವನಿಗೆ ದೇವದೂತ ಬುದ್ಧಿ ಹೇಳುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು ಇಟ್ಟು, ಎದ್ದು ಊಟ ಮಾಡು ಅನ್ನುತ್ತಾನೆ. ಅದನ್ನು ಓದಿದ ದಿನ ಅಮ್ಮ ಹೊಟ್ಟೆತುಂಬಾ ಉಂಡರು.

ಫೈಲ್ ಇನ್ನೂ ಅಲ್ಲೇ ಇದೆ. ಸೋಮವಾರ ಮತ್ತೆ ಹೋಗುತ್ತೇವೆ. ಬೈಬಲ್‌ನಲ್ಲಿ ಗೋಳಿನ ಹಾಡುಗಳಿರುವ ಪ್ರಲಾಪಗಳು ಪುಸ್ತಕ ಓದಿದವರಿದ್ದರೆ ಎಲ್ಲಿಂದ ಶುರು ಮಾಡಲಿ ಅಂತ ಹೇಳಿ.