ಹೊಸ ಸಭೆಯ ಕಾಣಿಕೆ ಲೆಕ್ಕ: ಕೇಳಿದ್ದು ತಪ್ಪಾ?

ಬೀದರ್ ವಾಸಿ: ಎಲ್ಲರಿಗೂ ವಂದನೆಗಳು. ನಮ್ಮ ಕಡೆ ಹೊಸ ಸಭೆ (ಚರ್ಚ್) ಶುರುವಾಗಿದೆ. ಬಾಡಿಗೆ ಹಾಲ್, ಐವತ್ತು ಮನೆ ಇರಬಹುದು. ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲ ನೇರ ಪಾಸ್ಟರ್ ಮನೆಗೆ ಹೋಗುತ್ತದೆ. ಗೋಡೆಗೆ ಅಂಟಿಸಿದ ಫೋನ್‌ಪೇ ಕೋಡ್ ಕೂಡ ಅವರ ಹೆಸರಲ್ಲೇ ಇದೆ. ಸಭೆ ಹೆಸರಲ್ಲಿ ಖಾತೆ ತೆಗೆಯೋಣ, ಇಬ್ಬರು ಕೂತು ಎಣಿಸಿ ಪುಸ್ತಕದಲ್ಲಿ ಸಹಿ ಹಾಕಲಿ ಅಂದೆ. ಅಷ್ಟಕ್ಕೇ ಎಲ್ಲರೂ ಮುಖ ತಿರುಗಿಸಿದ್ದಾರೆ.

ಪ್ರಾರ್ಥನಾ ವೀರ: ನಂಬಿಕೆ ಇಲ್ಲದವರೇ ಲೆಕ್ಕ ಕೇಳೋದು. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು. ಮತ್ತಾಯ 6:3.

ಲೆಕ್ಕದಕ್ಕ: ಅದು ಕೊಡುವವರಿಗೆ ಹೇಳಿದ್ದು ಅಣ್ಣಾರೆ, ಎಣಿಸುವವರಿಗಲ್ಲ. ಎರಡನೇ ಕೊರಿಂಥ 8ನೇ ಅಧ್ಯಾಯ ಓದಿ. ದೇಣಿಗೆ ಹಣ ಒಯ್ಯುವಾಗ ಪೌಲನೂ ಒಬ್ಬನೇ ಹೋಗಲಿಲ್ಲ. ಸಭೆಗಳೇ ಆರಿಸಿದವರು ಜೊತೆಗಿದ್ದರು, ಯಾರೂ ಬೆರಳು ತೋರಿಸಬಾರದು ಅಂತ. ಟ್ರಸ್ಟ್ ಡೀಡ್ ಬರೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಪ್ಯಾನ್ ಕಾರ್ಡ್ ತೆಗೆಸಿ. ಬ್ಯಾಂಕಿನಲ್ಲಿ ಇಬ್ಬರ ಸಹಿಯ ಖಾತೆ ಸಿಗುತ್ತದೆ. ಸ್ವಂತ ಖಾತೆಗೆ ಬಿದ್ದ ಕಾಣಿಕೆ ಬಗ್ಗೆ ನಾಳೆ ತೆರಿಗೆಯವರು ಕೇಳಿದರೆ ಉತ್ತರ ಕೊಡಬೇಕಾದವರು ಪಾಸ್ಟರೇ ಅಲ್ವಾ?

ಪ್ರಾರ್ಥನಾ ವೀರ: "ಬೆರಳು ತೋರಿಸಬಾರದು" ಅಂದಿರಿ. ಈಗ ತೋರಿಸುತ್ತಿರುವವರು ಯಾರು? ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲಿ ಈ ಬೀದರ್ ವಾಸಿಯವರು ಎಂಟುನೂರಕ್ಕೆ ಹುಂಜ ಕೂಗಿ ಕಂಕುಳಲ್ಲಿ ಇಟ್ಟುಕೊಂಡು ಹೋದರು. ದುಡ್ಡು ಕೊಟ್ಟರಾ?

ಬೀದರ್ ವಾಸಿ: ಕೊಟ್ಟಿದ್ದೇನೆ ರೀ! ಅವತ್ತೇ ಆ ಗೋಡೆ ಕೋಡಿಗೆ ಹಾಕಿದ್ದೇನೆ. ಬಂದಿಲ್ಲ ಅಂತೀರಾ? ಹಾಗಾದರೆ ಎಲ್ಲಿ ಹೋಯ್ತು?

ತೊಗರಿ ಚೀಲ: ಎಂಟುನೂರಾ? ಎಂಟುನೂರೈವತ್ತು ಕೂಗಿದವನು ನಾನು. ಹುಂಜ ಹೋಗಿದ್ದು ಒಂಬೈನೂರಕ್ಕೆ.

ಪ್ರಾರ್ಥನಾ ವೀರ: ನೋಡಿ! ಒಂದು ಹುಂಜದ ರೇಟು ನೆಟ್ಟಗೆ ಹೇಳಲು ಬರದವರು ಸಭೆ ಲೆಕ್ಕ ಕೇಳ್ತಾರೆ.

ಲೆಕ್ಕದಕ್ಕ: ಎಂಟುನೂರು ಅಂದಿದ್ದು ನೀವೇ. ಯಾವ ಸಾಮಾನು, ಯಾರು ಕೂಗಿದರು, ಎಷ್ಟು ಜಮಾ, ಎಷ್ಟು ಬಾಕಿ ಅಂತ ಹರಾಜಿನ ದಿನ ಒಂದು ಪಟ್ಟಿ ಬರೆದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಹಳೇ ಸಭೆಯವ: ಪಟ್ಟಿ ಇದ್ದರೆ ಜಗಳ ಇರಲ್ಲ ಅಂತ ಯಾರು ಹೇಳಿದ್ದು? ನಮ್ಮಲ್ಲಿ ಕಮಿಟಿ, ಆಡಿಟ್ ಎಲ್ಲಾ ಇದೆ, ಜಗಳಕ್ಕೇನೂ ಬರ ಇಲ್ಲ. ಹಣದ ಚೀಲ ಒಬ್ಬನ ಕೈಯಲ್ಲಿದ್ದರೆ ಏನಾಗುತ್ತೆ ಅಂತ ಯೋಹಾನ 12:6 ನೋಡಿಕೊಳ್ಳಿ, ಚೀಲ ಹಿಡಿದಿದ್ದ ಯೂದ ಅದರಲ್ಲಿ ಹಾಕಿದ್ದನ್ನೇ ಕದಿಯುತ್ತಿದ್ದ.

ಪಾಸ್ಟರ್ ಅಭಿಮಾನಿ: ಯೂದನ ವಚನ ತೆಗೆದು ನಮ್ಮ ಪಾಸ್ಟರಿಗೆ ಹಚ್ಚುತ್ತೀರಾ? ನಾಚಿಕೆ ಆಗಬೇಕು! ಹಾಲ್ ಬಾಡಿಗೆ ಕಟ್ಟಲು ಪಾಸ್ಟರಮ್ಮ ಬಂಗಾರ ಅಡ ಇಟ್ಟರು. ಆಗ ಎಲ್ಲಿದ್ದಿರಿ ಎಲ್ಲರೂ?

ತೊಗರಿ ಚೀಲ: ಹುಂಜದ ವಿಷಯ ಇನ್ನೂ ಮುಗಿದಿಲ್ಲ.

ಲೆಕ್ಕದಕ್ಕ: ಬಂಗಾರ ಇಟ್ಟಿದ್ದು ಬರೆದಿಟ್ಟಿದ್ದರೆ ಅದು ಸಭೆ ತೀರಿಸಬೇಕಾದ ಸಾಲ ಆಗುತ್ತಿತ್ತು. ಈಗ ಅವರ ಋಣ ಯಾರು ತೀರಿಸುತ್ತಾರೆ? ತಿಂಗಳಿಗೆ ಇಷ್ಟು ಸಂಬಳ ಅಂತ ಠರಾವು ಮಾಡಿ ಕೊಡಿ. ಕಾಣಿಕೆ ಚೀಲದಿಂದ ಮನೆಗೆ ಕಿರಾಣಿ ತರುವ ಪರಿಸ್ಥಿತಿ ಯಾವ ಪಾಸ್ಟರಿಗೂ ಬರಬಾರದು.

ಪ್ರಾರ್ಥನಾ ವೀರ: "ಕಿರಾಣಿ" ಅಂದಿರಾ? ಪಾಸ್ಟರ್ ಕಾಣಿಕೆಯಲ್ಲಿ ಕಿರಾಣಿ ತಂದರು ಅಂತ ಆರೋಪ! ಸ್ಕ್ರೀನ್‌ಶಾಟ್ ತೆಗೆದಿದ್ದೇನೆ.

ಬೀದರ್ ವಾಸಿ: ಅದರ ಜೊತೆ ಇದನ್ನೂ ಇಟ್ಟುಕೊಳ್ಳಿ. ಫೋನ್‌ಪೇ ಸ್ಕ್ರೀನ್‌ಶಾಟ್ ಹಾಕಿದ್ದೇನೆ, ಒಂಬೈನೂರು ರೂಪಾಯಿ.

ಪ್ರಾರ್ಥನಾ ವೀರ: ತಾರೀಖು ಕಾಣುತ್ತಿಲ್ಲ.