ಫೈರ್‌ಫಿಶ್ ಅಂದರೆ ಯಾವ ಮೀನು? ಉಪ್ಪುನೀರಿನ ಟ್ಯಾಂಕಿನವರು ಅನುಭವ ಹೇಳಿ

ಪ್ರಶ್ನೆ, ಬೆಂಗಳೂರಿನಿಂದ

200 ಲೀಟರಿನ ಉಪ್ಪುನೀರಿನ ಟ್ಯಾಂಕ್ ರೆಡಿ ಇದೆ, ಸೈಕಲ್ಲೂ (ನೀರು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಬೆಳೆಸುವ ಹಂತ) ಮುಗಿದಿದೆ. ಮೀನು ಬಿಡುವುದೊಂದೇ ಬಾಕಿ. ಮಾರುವವರು ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದ್ದಾರೆ. ಅದರಲ್ಲಿ ‘ರೀಗಲ್’, ‘ರಾಯಲ್’, ‘ಫೈರ್‌ಫಿಶ್’, ‘ಪರ್ಕ್ಯುಲಾ’ ಅಂತ ಬರೀ ಅರ್ಧ ಹೆಸರುಗಳು. ಗೂಗಲ್ ಮಾಡಿದರೆ ಒಂದೊಂದಕ್ಕೂ ಎರಡು ಮೂರು ಮೀನು ಬರುತ್ತವೆ. ಲ್ಯಾಟಿನ್ ಹೆಸರು ನಾಲಿಗೆಗೇ ಹತ್ತುವುದಿಲ್ಲ. ನೀವೆಲ್ಲ ಏನು ನೋಡಿ ತರಿಸುತ್ತೀರಿ?

ಮೈಸೂರಿನಿಂದ

ನಾಲಿಗೆಗೆ ಹತ್ತದಿದ್ದರೆ ಬಿಡಿ, ಕಾಪಿ ಪೇಸ್ಟ್ ಮಾಡಿ. ಆದರೆ ಆ ಹೆಸರಿಲ್ಲದೆ ದುಡ್ಡು ಮಾತ್ರ ಕಳಿಸಬೇಡಿ.

ನಿಮ್ಮ ಪಟ್ಟಿಯಲ್ಲಿ ನನಗೆ ಭಯ ಹುಟ್ಟಿಸಿದ್ದು ಫೈರ್‌ಫಿಶ್. ನೀವು ಅಂದುಕೊಂಡಿರುವುದು ನೆಮಾಟೆಲಿಯೋಟ್ರಿಸ್ ಮ್ಯಾಗ್ನಿಫಿಕಾ ಇರಬೇಕು. ಬೆರಳುದ್ದದ ಮೀನು, ಮುಂಭಾಗ ಬಿಳಿ, ಬಾಲದ ಕಡೆ ಕೆಂಪು, ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಲಯನ್‌ಫಿಶ್‌ಗೂ ಫೈರ್‌ಫಿಶ್ ಅನ್ನುವವರಿದ್ದಾರೆ. ಹಿಂದೂ ಮಹಾಸಾಗರದ ಟೆರೋಯಿಸ್ ಮೈಲ್ಸ್‌ಗಂತೂ ಇಂಗ್ಲಿಷಿನಲ್ಲಿ ಡೆವಿಲ್ ಫೈರ್‌ಫಿಶ್ ಅಂತಲೇ ಹೆಸರು. ಅದು ಒಂದು ಅಡಿಗೂ ಮೀರಿ ಬೆಳೆಯುತ್ತದೆ, ಮುಳ್ಳಿನಲ್ಲಿ ವಿಷ ಇದೆ, ಬಾಯಿಗೆ ಹಿಡಿಯುವ ಮೀನನ್ನೆಲ್ಲ ನುಂಗುತ್ತದೆ. ಹೆಸರು ಒಂದೇ ಅಂತ ಎರಡನ್ನೂ ಒಟ್ಟಿಗೆ ಬಿಟ್ಟರೆ ಮಾರನೇ ದಿನ ಒಂದೇ ಇರುತ್ತದೆ.

ರೀಗಲ್ ಕತೆಯೂ ಹೀಗೇ. ರೀಗಲ್ ಟ್ಯಾಂಗ್ ಅಂದರೆ ಪ್ಯಾರಾಕ್ಯಾಂಥುರಸ್ ಹೆಪಾಟಸ್. ಹಿಪ್ಪೋ ಟ್ಯಾಂಗ್, ಬ್ಲೂ ಟ್ಯಾಂಗ್ ಎಲ್ಲ ಅದೇ. ಅಟ್ಲಾಂಟಿಕ್‌ನಲ್ಲಿ ಬ್ಲೂ ಟ್ಯಾಂಗ್ ಅಂತ ಬೇರೆಯೇ ಮೀನಿದೆ, ಅದು ಸದ್ಯ ನಮಗೆ ಬೇಡ. ರೀಗಲ್ ಏಂಜೆಲ್ ಅಂದರೆ ಪಿಗೋಪ್ಲೈಟಿಸ್ ಡಯಾಕ್ಯಾಂಥಸ್. ಟ್ಯಾಂಗ್ ಸುಮಾರು 30 ಸೆಂ.ಮೀ. ಬೆಳೆಯುತ್ತದೆ, ಇಡೀ ದಿನ ಈಜಾಡಲು ಜಾಗ ಕೇಳುತ್ತದೆ. ಏಂಜೆಲ್ ಸಮುದ್ರದಲ್ಲಿ ಸ್ಪಂಜು ಅನ್ನುವ ಜೀವಿಗಳನ್ನು ತಿಂದು ಬದುಕುವ ಮೀನು, ನಮ್ಮಲ್ಲಿ ಊಟ ಮುಟ್ಟದೆ ಸೊರಗುವುದೇ ಜಾಸ್ತಿ. ನಿಮ್ಮ 200 ಲೀಟರಿಗೆ ಯಾವ ರೀಗಲ್ಲೂ ಬೇಡ.

ಅಂಗಡಿ ನಡೆಸುವವರಿಂದ

ನಮ್ಮ ಕಡೆಯಿಂದಲೂ ಒಂದು ಮಾತು. ಸಗಟು ವ್ಯಾಪಾರಿಗಳಿಂದ ಬಂದ ಪಟ್ಟಿಯನ್ನು ಎಷ್ಟೋ ಅಂಗಡಿಯವರು ಹಾಗೇ ಫಾರ್ವರ್ಡ್ ಮಾಡುತ್ತಾರೆ. ಮೋಸ ಮಾಡಬೇಕು ಅಂತಲ್ಲ, ಬಾಕ್ಸ್ ಬಿಚ್ಚುವ ತನಕ ಅವರಿಗೂ ಗೊತ್ತಿರುವುದಿಲ್ಲ.

‘ರಾಯಲ್’ ಬಗ್ಗೆ ಹುಷಾರು. ರಾಯಲ್ ಗ್ರಾಮಾ, ಅಂದರೆ ಗ್ರಾಮಾ ಲೊರೆಟೊ, ಕೆರಿಬಿಯನ್ ಸಮುದ್ರದ್ದು. ರಾಯಲ್ ಡಾಟಿಬ್ಯಾಕ್ ಪೆಸಿಫಿಕ್ ಕಡೆಯದು, ಪಿಕ್ಟಿಕ್ರೋಮಿಸ್ ಪ್ಯಾಕ್ಯಾಗ್ನೆಲ್ಲೇ. ಎರಡೂ ಮುಂದೆ ನೇರಳೆ, ಹಿಂದೆ ಹಳದಿ. ಗ್ರಾಮಾದಲ್ಲಿ ಬಣ್ಣ ಒಂದರೊಳಗೊಂದು ಕರಗಿದಂತಿರುತ್ತದೆ, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಕಪ್ಪು ಚುಕ್ಕೆ ಇರುತ್ತದೆ. ಡಾಟಿಬ್ಯಾಕ್‌ನಲ್ಲಿ ಗೆರೆ ಎಳೆದ ಹಾಗೆ ಬಣ್ಣ ಬದಲಾಗುತ್ತದೆ. ಸ್ವಭಾವದಲ್ಲಿ ಅದು ಜಗಳಗಂಟಿ, ಸಣ್ಣ ಟ್ಯಾಂಕಿನಲ್ಲಿ ಮಿಕ್ಕವರನ್ನು ಮೂಲೆಗೆ ತಳ್ಳುತ್ತದೆ. ಇಂಡೋನೇಷ್ಯಾದ ಮಾಲಿನಲ್ಲಿ ಅಗ್ಗಕ್ಕೆ ‘ರಾಯಲ್’ ಬಂದರೆ ನಾನಂತೂ ಡಾಟಿಬ್ಯಾಕ್ ಅಂತಲೇ ಅಂದುಕೊಳ್ಳುತ್ತೇನೆ.

ಪರ್ಕ್ಯುಲಾ ಅನ್ನುವ ಕ್ಲೌನ್ ಮೀನಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆ ಹೆಸರಲ್ಲಿ ಬರುವುದು ಹೆಚ್ಚಾಗಿ ಇನ್ನೊಂದು ಕ್ಲೌನ್, ಆಂಫಿಪ್ರಿಯಾನ್ ಒಸೆಲ್ಲಾರಿಸ್. ಬೆನ್ನಿನ ರೆಕ್ಕೆಯಲ್ಲಿ ಸಾಮಾನ್ಯವಾಗಿ ಒಸೆಲ್ಲಾರಿಸ್‌ಗೆ 11 ಮುಳ್ಳು, ನಿಜವಾದ ಪರ್ಕ್ಯುಲಾಗೆ 10. ಓಡಾಡುವ ಮೀನಿನ ಮುಳ್ಳು ಎಣಿಸಿ ನೋಡೋಣ ಅಲ್ವಾ! ಸಾಕುವ ರೀತಿ ಎರಡಕ್ಕೂ ಒಂದೇ. ಪರ್ಕ್ಯುಲಾ ಅಂತ ಜಾಸ್ತಿ ರೇಟು ಹಾಕಿದ್ದರೆ ಮಾತ್ರ ಪ್ರಶ್ನೆ ಮಾಡಿ.

ಮಂಗಳೂರಿನಿಂದ

ಊರೂರಿನ ಆಡುಹೆಸರು ನಂಬಿದರೆ ಹೀಗೇ ಆಗುವುದು. ನಮ್ಮ ಕಾಣೆ ಮೀನಿಗೆ ಇಲ್ಲಿನ ಹೋಟೆಲುಗಳಲ್ಲಿ ‘ಲೇಡಿಫಿಶ್’ ಅಂತ ಬರೆಯುತ್ತಾರೆ. ಅದು ಸಿಲ್ಲಾಗೋ ಜಾತಿ. ಅಮೆರಿಕದಲ್ಲಿ ಲೇಡಿಫಿಶ್ ಕೇಳಿದರೆ ಇಲೋಪ್ಸ್ ಸಿಗುತ್ತದೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಹಾಗಂತ ಲ್ಯಾಟಿನ್ ಹೆಸರು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಮರೂನ್ ಕ್ಲೌನ್ ಬಹಳ ಕಾಲ ಪ್ರೆಮ್ನಾಸ್ ಬಯಾಕ್ಯುಲಿಯೇಟಸ್ ಆಗಿತ್ತು. ಡಿಎನ್‌ಎ ನೋಡಿದ ಮೇಲೆ ಅದನ್ನೂ ಆಂಫಿಪ್ರಿಯಾನ್‌ಗೆ ಸೇರಿಸಿದ್ದಾರೆ. ಹಳೇ ಪುಸ್ತಕದಲ್ಲಿ ಒಂದು, ಹೊಸ ಪಟ್ಟಿಯಲ್ಲಿ ಇನ್ನೊಂದು ಕಂಡರೆ ಎರಡನೇ ಪದ ಹಿಡಿದು ಹುಡುಕಿ. ಹೆಚ್ಚಾಗಿ ಅದು ಉಳಿದಿರುತ್ತದೆ, ಕೊನೆಯ ಅಕ್ಷರ ಅಷ್ಟಿಷ್ಟು ಬದಲಾಗಬಹುದು. ಮೀನುಗಳ ಮಾಹಿತಿಯ ಫಿಶ್‌ಬೇಸ್ ವೆಬ್‌ಸೈಟಿನಲ್ಲಿ ಹಳೇ ಹೆಸರು ಹಾಕಿದರೂ ಈಗಿನದು ಬರುತ್ತದೆ. ಎಷ್ಟು ಉದ್ದ ಬೆಳೆಯುತ್ತದೆ ಅನ್ನುವುದೂ ಅಲ್ಲೇ ಇದೆ, ಮೊದಲು ಅದನ್ನು ನೋಡಿ.

ಇನ್ನೊಂದು: ಯಾವ ಹೆಸರಲ್ಲಿ ಕೊಟ್ಟರೂ ಕಡಲಕುದುರೆ, ಸಮುದ್ರದಿಂದ ಕಿತ್ತ ಹವಳ ತಗೋಬೇಡಿ. ಅವು ವನ್ಯಜೀವಿ ಕಾಯ್ದೆಯಲ್ಲಿ ಬರುತ್ತವೆ.

ಹುಬ್ಬಳ್ಳಿಯಿಂದ

ಮ್ಯಾಂಡರಿನ್ ಗೋಬಿ ಅಂತ ಇದ್ದರೆ ಅದನ್ನೂ ಬಿಟ್ಟುಬಿಡ್ರಿ. ಅದು ಗೋಬಿ ಜಾತಿಯ ಮೀನಲ್ಲ, ಡ್ರ್ಯಾಗನೆಟ್ ಅನ್ನುವ ಬೇರೆಯೇ ಗುಂಪಿನದು. ಗೋಬಿ ಅಂದುಕೊಂಡು ಪೆಲೆಟ್ (ಒಣ ಗುಳಿಗೆ ಆಹಾರ) ಹಾಕಿದರೆ ತಿನ್ನುವುದೇ ಕಷ್ಟ. ಕಲ್ಲಿನ ಮೇಲಿನ ಸಣ್ಣ ಸಣ್ಣ ಜೀವಿಗಳನ್ನು ಹೆಕ್ಕುತ್ತಾ ಬದುಕುತ್ತದೆ, ಹೊಸ ಟ್ಯಾಂಕಿನಲ್ಲಿ ಅವು ಎಲ್ಲಿರುತ್ತವೆ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಹೀಗೆ ಬರೆದು ಕಳಿಸಲಾ: ಆಂಫಿಪ್ರಿಯಾನ್ ಒಸೆಲ್ಲಾರಿಸ್ ಎರಡು, ಗ್ರಾಮಾ ಲೊರೆಟೊ ಒಂದು, ನೆಮಾಟೆಲಿಯೋಟ್ರಿಸ್ ಮ್ಯಾಗ್ನಿಫಿಕಾ ಒಂದು?

ಮೈಸೂರಿನಿಂದ

ಸರಿ ಇದೆ. ನಿಮಗೆ ಕೊಡುವ ಮೀನಿನದೇ ಫೋಟೋ ಕೇಳಿ, ನೆಟ್‌ನಿಂದ ಇಳಿಸಿದ್ದು ಬೇಡ. ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಮೊದಲು ಮ್ಯಾಗ್ನಿಫಿಕಾ, ಅದು ಪುಕ್ಕಲು. ಆಮೇಲೆ ಗ್ರಾಮಾ, ಕ್ಲೌನ್ ಕೊನೆಗೆ. ಮ್ಯಾಗ್ನಿಫಿಕಾ ಗಾಬರಿಯಾದರೆ ಹೊರಗೆ ಹಾರುತ್ತದೆ, ಮೇಲೆ ಜಾಲರಿ ಹಾಕಿದ್ದೀರಿ ತಾನೇ?